ಬಿಸಿ ತಾಗದ ಬಾಣಂತಿ

ಬೆಳಗೊಳ
೧೪ ನವೆಂಬರ್ ೨೦೨೪, ಗುರುವಾರ, ಮಧ್ಯಾಹ್ನ ಎರಡು ಗಂಟೆ

ಮಗನಂಥ ಅಳಿಯ ರವೀಂದ್ರನಿಗೆ ಮಂಗಳಜ್ಜಿ ತಲೆ ಸವರಿ ಬರೆಯುವುದು.

ಮೊದಲು ನಿನ್ನ ಮೈ ಹೇಗಿದೆ, ಅದು ಹೇಳು. ಹಿಮದ ಗಾಳಿಗೆ ನಿನ್ನ ಹಿಮ್ಮಡಿ ಒಡೆದು ರಕ್ತ ಒಸರುತ್ತದೆಂದು ನಿನ್ನ ಜೊತೆಯ ಸಿಪಾಯಿ ದಿಲೀಪ ಈಗಷ್ಟೇ ಹೇಳಿದ. ಅವನ ಚೀಲದಲ್ಲಿ ಒಂದು ಬಾಟಲಿ ಹರಳೆಣ್ಣೆ ಇಟ್ಟಿದ್ದೇನೆ. ಮಲಗುವ ಮುಂಚೆ ಹಚ್ಚಿ ಕಾಲುಚೀಲ ಹಾಕಿಕೋ, ಅಸಡ್ಡೆ ಮಾಡಬೇಡ. ರಾಗಿ ಹುರಿಹಿಟ್ಟಿನ ಉಂಡೆ ಎರಡು ಡಬ್ಬಿ ಇದೆ, ಒಂದು ನಿನಗೆ, ಒಂದು ಅವನಿಗೆ. ದಾರಿಯಲ್ಲಿ ಎರಡನ್ನೂ ಅವನೇ ಮುಗಿಸಿದರೆ ನನಗೆ ತಿಳಿಸು, ನಾಗಮಂಗಲಕ್ಕೇ ಹೋಗಿ ಅವನ ತಾಯಿಯ ಹತ್ತಿರ ನ್ಯಾಯ ಕೇಳುತ್ತೇನೆ. ಹುಡುಗ ಒಳ್ಳೆಯವನು. ರಜ ಮುಗಿದು ಹೊರಡುವ ದಿನವೂ ನಿನ್ನ ಮಗುವನ್ನು ನೋಡಿಕೊಂಡು ಹೋಗಬೇಕೆಂದು ನಾಗಮಂಗಲದಿಂದ ಇಲ್ಲಿಗೆ ಬಂದಿದ್ದಾನೆ. ಒಳಗೆ ಮುದ್ದೆ ಉಣ್ಣುತ್ತಿದ್ದಾನೆ. ನಾಲ್ಕೂವರೆಗೆ ಶ್ರೀರಂಗಪಟ್ಟಣದಲ್ಲಿ ಅವನಿಗೆ ರೈಲು. ಅಷ್ಟರೊಳಗೆ ನಾನು ಇದನ್ನು ಬರೆದು ಮುಗಿಸಬೇಕು.

ನಿನ್ನ ಚಿನ್ನುವಿಗೆ ಇವತ್ತು ಇಪ್ಪತ್ತೆಂಟು ದಿನ. ಕಿವಿ ನಿನ್ನದೇ, ಅನುಮಾನವೇ ಬೇಡ. ಹಟವೂ ನಿನ್ನದೇ ಇರಬೇಕು, ನಮ್ಮ ಕಡೆ ಅಷ್ಟು ಗಂಟಲು ಯಾರಿಗೂ ಇಲ್ಲ. ಈಗ ನನ್ನ ಎಡತೊಡೆಯ ಮೇಲೆ ಮಲಗಿದ್ದಾಳೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅಂಗನವಾಡಿಯಲ್ಲಿ ಮೂವತ್ತೊಂದು ವರ್ಷ ಹೀಗೆಯೇ ರಿಜಿಸ್ಟರು ಬರೆದವಳಿಗೆ ಇದೇನೂ ಹೊಸದಲ್ಲ. ಎರಡು ಗಂಟೆಗೊಮ್ಮೆ ಡಬ್ಬಿ ಹಾಲು ಕುಡಿಯುತ್ತಾಳೆ, ತೂಕ ಸರಿಯಾಗಿದೆ. ಡಬ್ಬಿ ಹಾಲು ಯಾಕೆ ಅಜ್ಜಿ, ಅವರಮ್ಮ ಎಲ್ಲಿ ಎಂದು ನೀನು ಕೇಳುತ್ತೀಯ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ನೀನೂ ಎಲ್ಲಾದರೂ ಒಂದು ಕಡೆ ಕೂತು ಓದು.

ನನ್ನ ಮೊಮ್ಮಗಳು ಚೈತ್ರ ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆ. ಇವತ್ತಿಗೆ ಒಂದು ವಾರ. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಮೂರು ಸಲ ಹೇಳಿದ್ದಾರೆ, ಮೂರು ಸಲವೂ ನಾನೇ ಕೇಳಿದ್ದು. ಆದರೆ ಸೊಂಟದಿಂದ ಕೆಳಗೆ ಅವಳಿಗೆ ಸ್ವಾಧೀನವಿಲ್ಲ. ಬಲಗಾಲು ಅಲ್ಲಾಡುವುದಿಲ್ಲ. ಎಡಗಾಲಿನ ಬೆರಳುಗಳು ಮಾತ್ರ ಕೂಗಿ ಕರೆದರೆ ಒಂದಿಷ್ಟು ಮಿಸುಕುತ್ತವೆ. ಮೂತ್ರಕ್ಕೆ ನಳಿಗೆ ಹಾಕಿದ್ದಾರೆ. ಐದು ದಿನ ಡ್ರಿಪ್ ಕೊಟ್ಟು ನೋಡಿದರು, ಬೆನ್ನಿನೊಳಗಿನ ಊತ ನಿರೀಕ್ಷಿಸಿದಷ್ಟು ಇಳಿದಿಲ್ಲ. ನಾಳೆಯಿಂದ ರಕ್ತವನ್ನು ಹೊರಗೆ ತೆಗೆದು ಸೋಸಿ ಒಳಗೆ ಬಿಡುತ್ತಾರೆ, ದಿನ ಬಿಟ್ಟು ದಿನ, ಐದು ಸಲ. ನನಗೆ ಭಯವಾಗಿದೆ ರವೀಂದ್ರ. ಎಪ್ಪತ್ತೊಂದು ವರ್ಷಕ್ಕೆ ಎರಡು ಸಾವು ಈ ಮನೆಯಿಂದಲೇ ಹೊರಟಿದ್ದು ಕಂಡಿದ್ದೇನೆ, ಅವಳ ತಾಯಿಯದು, ನಿಮ್ಮಜ್ಜನದು. ಆಗೆಲ್ಲ ಅತ್ತಿದ್ದೆ. ಈಗ ಅಳುವೂ ಬರುತ್ತಿಲ್ಲ. ಅಕ್ಷರ ವಕ್ರವಾದರೆ ಬೈದುಕೊಳ್ಳಬೇಡ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನಬೇಡ. ನಿಮ್ಮ ಆ ಗುಡ್ಡದ ತುದಿಯಿಂದ ಇಪ್ಪತ್ತು ದಿನಕ್ಕೊಮ್ಮೆ ಎರಡು ನಿಮಿಷ ಮಾತು ಸಿಕ್ಕರೆ ಹೆಚ್ಚು. ಆ ಎರಡು ನಿಮಿಷದಲ್ಲಿ ಇದು ಹೇಳಿ ಮುಗಿಯುವ ಸುದ್ದಿಯಲ್ಲ. ಯಾಕೆಂದರೆ ಈ ಕಾಯಿಲೆ ಅವಳಿಗೆ ಇದು ಎರಡನೆಯ ಸಲ. ಮೊದಲನೆಯದು ನಿನಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ನಾನು ನೋಡಿಕೊಂಡೆ. ಇದು ಬೇರೆ ಯಾರ ಬಾಯಿಂದಲೂ ನಿನಗೆ ತಲುಪಬಾರದು.

ಆರು ವರ್ಷದ ಹಿಂದೆ ಚೈತ್ರ ಪಾಂಡವಪುರದ ಕಾಲೇಜಿಗೆ ಹೋಗುತ್ತಿದ್ದಳು. ಹತ್ತೊಂಬತ್ತು ವರ್ಷ. ಒಂದು ವಾರ ಜ್ವರ, ನೆಗಡಿ ಬಂದು ಹೋಯಿತು. ಅದಾಗಿ ಹತ್ತು ದಿನಕ್ಕೆ, ಸಂಜೆ ಬಸ್ಸಿಳಿದು ಬಂದವಳು ಸೊಂಟದ ಸುತ್ತ ಯಾರೋ ಹಗ್ಗ ಹಾಕಿ ಬಿಗಿದ ಹಾಗಿದೆ ಅಂದಳು. ಚೂಡಿದಾರದ ಲಾಡಿ ಬಿಗಿಯಾಯಿತೇನೋ, ಸಡಿಲ ಮಾಡಿಕೋ ಅಂದೆ. ಮೂರನೆಯ ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಲ್ಲಲು ಹೋದವಳು ಅಲ್ಲೇ ಕುಸಿದು ಕೂತಳು. ನಿಮ್ಮಜ್ಜ ಶಿವಲಿಂಗಯ್ಯ ಆಗ ಇದ್ದರು, ಅವಳನ್ನು ಎತ್ತಿಕೊಂಡೇ ಮೈಸೂರಿನ ತನಕ ಟೆಂಪೋದಲ್ಲಿ ಕೂತರು. ಬೆನ್ನುಮೂಳೆಯ ಒಳಗೆ ಒಂದು ಹುರಿ ಇದೆಯಂತೆ, ಮೆದುಳು ಹೇಳಿದ್ದು ಕಾಲಿಗೆ ತಲುಪುವುದು ಅದರ ಮೂಲಕವೇ. ಆ ಹುರಿ ಉರಿಯೂತ ಬಂದು ಊದಿಕೊಂಡಿತ್ತು. ಹುಡುಗಿ ಮತ್ತೆ ನಡೆಯಲು ನಾಲ್ಕು ತಿಂಗಳು ಹಿಡಿಯಿತು. ಊರಿಗೆಲ್ಲ ಬಿದ್ದು ಬೆನ್ನು ಉಳುಕಿದೆ ಎಂದು ಹೇಳಿದೆವು. ಸುಳ್ಳು ಶುರುವಾದದ್ದು ಅಲ್ಲಿಂದಲೇ.

ವಾಸಿಯಾಗಿ ಮನೆಗೆ ಕಳಿಸುವ ದಿನ ಡಾಕ್ಟರ್ ಯಶೋಧರಾ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಅಜ್ಜಿ, ಇದು ಎಷ್ಟೋ ಜನಕ್ಕೆ ಒಂದೇ ಸಲ ಬಂದು ಹೋಗುತ್ತೆ. ಇವಳಿಗೂ ಹಾಗೇ ಅಂತ ನಾನು ಮಾತು ಕೊಡಲಾರೆ" ಅಂದರು. ಯಾಕಮ್ಮ, ಇವಳೇನು ಪಾಪ ಮಾಡಿದ್ದಾಳೆ ಅಂದೆ. ಪಾಪದ ಮಾತಲ್ಲ ಅಜ್ಜಿ, ಮತ್ತೆ ಬರುವುದು ಹೆಂಗಸರಿಗೇ ಹೆಚ್ಚು ಅಂದರು. ಹೆಣ್ಣಾಗಿ ಹುಟ್ಟಿದ್ದೂ ಒಂದು ಕಾರಣವೇ ಎಂದು ನಾನು ರೇಗಿದೆ. ಆಕೆ ಬೇಸರಪಡದೆ ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಊತ ಒಂದೆರಡು ಮೂಳೆಯ ಉದ್ದಕ್ಕೆ ನಿಂತಿದ್ದರೆ ಇಷ್ಟು ಹೆದರುತ್ತಿರಲಿಲ್ಲ, ಇವಳದು ಆರು ಮೂಳೆಯಷ್ಟು ಉದ್ದ ಹಬ್ಬಿದೆ ಅಂದರು. ಅದಕ್ಕಿಂತ ದೊಡ್ಡದು ರಕ್ತದಲ್ಲಿತ್ತು. ರಕ್ತ ಪರೀಕ್ಷೆಯಲ್ಲಿ ಒಂದು ಆಂಟಿಬಾಡಿ ಸಿಕ್ಕಿತ್ತು, ರೋಗವನ್ನು ಹೊಡೆಯಬೇಕಾದದ್ದು ಸ್ವಂತ ನರವನ್ನೇ ಶತ್ರು ಎಂದು ತಿಳಿದು ಹೊಡೆಯುತ್ತದಂತೆ. ಅದು ಇರುವವರನ್ನು ಮಾತ್ರೆ ಇಲ್ಲದೆ ಬಿಟ್ಟರೆ ಹೆಚ್ಚಿನವರಿಗೆ ಕಾಯಿಲೆ ತಿರುಗಿ ಬರುತ್ತದೆ, ಕೆಲವರಿಗೆ ವರ್ಷದೊಳಗೇ, ಕೆಲವರಿಗೆ ತಡವಾಗಿ. ಕಾಲಿಗೇ ಬರಬೇಕೆಂದಿಲ್ಲ, ಕಣ್ಣಿಗೂ ಬರಬಹುದು. ಮಾತ್ರೆ ಒಂದು ದಿನವೂ ತಪ್ಪಬಾರದು. ಹೆರಿಗೆಯಾದ ಮೊದಲ ಮೂರು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಎದ್ದು ಬರುವಾಗ ಬಾಗಿಲ ತನಕ ಬಂದು, "ಮದುವೆಗೆ ಮುಂಚೆ ಹುಡುಗನಿಗೆ ಹೇಳಿ. ಬಸುರಿಯಾಗೋ ಮುಂಚೆ ನನ್ನ ಹತ್ತಿರ ಕರ್ಕೊಂಡು ಬನ್ನಿ" ಅಂದರು. ನಾನು ಎರಡಕ್ಕೂ ಹೂಂ ಅಂದೆ. ಎರಡನ್ನೂ ಮಾಡಲಿಲ್ಲ.

ಯಾಕೆ ಮಾಡಲಿಲ್ಲ ಎಂದರೆ, ನಿನಗಿಂತ ಮೊದಲು ಒಂದು ಸಂಬಂಧ ಬಂದಿತ್ತು. ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾಫಿ ಕುಡಿದು ಎದ್ದು ಹೋದವರು ಊರೂರಿಗೆ ಬೆನ್ನಿನ ರೋಗದ ಹುಡುಗಿ ಎಂದು ಸಾರಿದರು. ಚೈತ್ರ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಅಂದದ್ದನ್ನು ನಾನು ಆಗ ಗಟ್ಟಿಯಾಗಿ ಹಿಡಿದುಕೊಂಡೆ. ಆದರೂ ನಿನಗೆ ಹೇಳಬಾರದೆಂದು ಇರಲಿಲ್ಲ, ದೇವರಾಣೆ. ನಿಶ್ಚಯಕ್ಕೆ ಮುಂಚೆ ನೀನು ನಮ್ಮಿಬ್ಬರನ್ನೂ ಕರಿಘಟ್ಟಕ್ಕೆ ಕರೆದುಕೊಂಡು ಹೋದೆಯಲ್ಲ, ಆ ದಿನ ಹೇಳಬೇಕೆಂದೇ ಬಂದಿದ್ದೆ. ಚೈತ್ರ ಮುಂದೆ ಮುಂದೆ ಮೆಟ್ಟಿಲು ಹತ್ತುತ್ತಿದ್ದರೆ ನಾನು ಹಿಂದಿನಿಂದ ಅವಳ ಹಿಮ್ಮಡಿಯನ್ನೇ ನೋಡಿಕೊಂಡು ಹತ್ತಿದೆ, ಎಲ್ಲಿ ತಡವರಿಸುತ್ತಾಳೋ ಎಂದು. ತಡವರಿಸಲಿಲ್ಲ. ಮೇಲೆ ಹೋಗಿ ಅವಳು ಪ್ರದಕ್ಷಿಣೆಗೆ ಹೋದಾಗ ನಾವಿಬ್ಬರೇ ಉಳಿದೆವು. ಕಲ್ಲು ಕಾದಿದೆ ಎಂದು ನೀನು ನಿನ್ನ ಟವೆಲ್ಲು ಹಾಸಿ ನನ್ನನ್ನು ಕೂರಿಸಿದೆ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೀನೇ, "ಅಜ್ಜಿ, ನಿಮ್ ಮೊಮ್ಮಗಳು ನಂಗಿಂತ ಮುಂಚೆ ಬೆಟ್ಟ ಅತ್ಬುಟ್ರು ಕಣಜ್ಜಿ, ಮಿಲಿಟ್ರಿಗೆ ಅವ್ರುನ್ನೇ ಕಳಿಸ್ಬೇಕಿತ್ತು" ಎಂದು ನಕ್ಕೆ. ನಿನ್ನ ಆ ನಗು ನೋಡಿ ನನ್ನ ಬಾಯಿ ಮುಚ್ಚಿತು. ಆಮೇಲೆ ತೆರೆಯಲೇ ಇಲ್ಲ.

ಮದುವೆಯಾಗಿ ನಿಮ್ಮ ಕೆ.ಆರ್. ಪೇಟೆಯ ಮನೆಗೆ ಬಂದ ಮೇಲೂ ಮಾತ್ರೆ ನಡೆಯುತ್ತಿತ್ತು. ಎರಡು ತಿಂಗಳಿಗೊಮ್ಮೆ ನಾನು ಚಟ್ನಿಪುಡಿ ತಂದುಕೊಡುತ್ತಿದ್ದೆನಲ್ಲ, ಡಬ್ಬಿಯ ಅರ್ಧಕ್ಕೆ ಮಾತ್ರ ಪುಡಿ ಇರುತ್ತಿತ್ತು. ತಳದಲ್ಲಿ ಪ್ಲಾಸ್ಟಿಕ್ಕಿನ ಕವರಿನಲ್ಲಿ ಮಾತ್ರೆ. ನಿಮ್ಮಮ್ಮ ಜಯಲಕ್ಷ್ಮಮ್ಮ ಆ ಪುಡಿಯನ್ನು ಹೊಗಳಿ ಹೊಗಳಿ ದೋಸೆಗೆ ಹಾಕಿಕೊಳ್ಳುತ್ತಿದ್ದರು, ಚಮಚ ತಳ ಮುಟ್ಟದಿರಲೆಂದು ನಾನು ರಂಗನಾಥನನ್ನು ಬೇಡುತ್ತಿದ್ದೆ. ನಾಲ್ಕು ತಿಂಗಳ ಬಸುರಿಯಾಗಿ ಚೈತ್ರ ಇಲ್ಲಿಗೆ ಬಂದಾಗ, "ಅಜ್ಜಿ, ಯಶೋಧರಾ ಡಾಕ್ಟ್ರನ್ನ ಕೇಳ್ಕೊಂಡು ಬರೋಣ" ಅಂದಳು. ಕೇಳಬೇಕಿತ್ತು. ಆದರೆ ಆ ಡಾಕ್ಟರು ಚೀಟಿ ಬರೆದುಕೊಟ್ಟರೆ ಅದನ್ನು ಹೆರಿಗೆ ಡಾಕ್ಟರಿಗೆ ತೋರಿಸಬೇಕು, ಹೆರಿಗೆ ಡಾಕ್ಟರ ಮುಂದೆ ಪ್ರತಿ ಸಲವೂ ಪಕ್ಕದ ಕುರ್ಚಿಯಲ್ಲಿ ನಿಮ್ಮಮ್ಮ ಕೂತಿರುತ್ತಾರೆ. ಅದಕ್ಕೆ ನಾನೇ ಡಾಕ್ಟರಾದೆ. ಐದೂವರೆ ವರ್ಷ ಏನೂ ಆಗಿಲ್ಲ, ಇನ್ನೇನಾಗುತ್ತದೆ, ಬಸುರಿ ಹೊಟ್ಟೆಗೆ ಇಷ್ಟು ಉಷ್ಣದ ಮಾತ್ರೆ ಬೇಡ, ಕೂಸಿಗೆ ಕೆಟ್ಟದ್ದು, ಹೆತ್ತ ಮೇಲೆ ನೋಡೋಣ ಅಂದೆ. ಅವಳು ಎರಡು ದಿನ ಯೋಚಿಸಿ ನನ್ನ ಮಾತು ಕೇಳಿದಳು. ಮಗು ಎಂದರೆ ಯಾವ ಹೆಣ್ಣು ತಾನೇ ಕೇಳುವುದಿಲ್ಲ.

ಇನ್ನು ಮುಂದಿನದು ಬರೆಯಲು ನನಗೆ ನಾಚಿಕೆ. ಬಾಣಂತಿ ನೀರು ಹಾಕುವುದರಲ್ಲಿ ನನ್ನ ಕೈ ಈ ಸೀಮೆಗೇ ಹೆಸರು, ನಿನಗೂ ಗೊತ್ತು. ಬೆಳಗೊಳದಲ್ಲಿ ನನ್ನ ಕೈಯಲ್ಲಿ ಎರೆಸಿಕೊಳ್ಳದ ಬಾಣಂತಿ ಕಡಿಮೆ. ಕಬ್ಬಿನ ಸೋಗೆ, ತೆಂಗಿನ ಗರಿ ಹಾಕಿ ಹಂಡೆ ಕುದಿಸಿ, ಮೈಗೆ ಹರಳೆಣ್ಣೆ ತಿಕ್ಕಿ, ಸೊಂಟಕ್ಕೂ ತೊಡೆಗೂ ಚೊಂಬಿನಲ್ಲಿ ರಪರಪ ಹೊಡೆಯಬೇಕು. ಎಂಥ ಗಟ್ಟಿ ಹೆಂಗಸಾದರೂ ಮೂರನೆಯ ಚೊಂಬಿಗೆ "ಅಯ್ಯೋ ಅಜ್ಜಿ, ಸತ್ತೆ ಕಣಜ್ಜಿ" ಎಂದು ಕೂಗುತ್ತಾಳೆ. ಕೂಗಿದ ಮೇಲೆ ಅರ್ಧ ಚೊಂಬು ತಣ್ಣೀರು ಬೆರೆಸುತ್ತೇನೆ. ನಾನು ನೀರಿಗೆ ಕೈಯಿಟ್ಟು ನೋಡುವವಳಲ್ಲ, ನನ್ನ ಕೈ ಹಂಡೆ ಹಿಡಿದೂ ಹಿಡಿದೂ ಸತ್ತುಹೋಗಿದೆ. ಅವರ ಕೂಗೇ ನನ್ನ ಅಳತೆ. ನಲವತ್ತು ವರ್ಷ ಆ ಅಳತೆ ಒಮ್ಮೆಯೂ ತಪ್ಪಿರಲಿಲ್ಲ.

ಚೈತ್ರ ಮೊದಮೊದಲು ಕೂಗಿದಳು. ಹದಿನಾರನೆಯ ದಿನವೋ ಹದಿನೇಳನೆಯ ದಿನವೋ ಕೂಗು ನಿಂತಿತು. ಬೆನ್ನಿಗೆ ಎರೆದರೆ ಮುಖ ಕಿವುಚುತ್ತಿದ್ದಳು, ಸೊಂಟದ ಕೆಳಗೆ ಎರೆದರೆ ಸುಮ್ಮನೆ ಕೂತಿರುತ್ತಿದ್ದಳು. "ಅಜ್ಜಿ, ತಣ್ಗೈತೆ, ಇನ್ನೊಸಿ ಬಿಸೀದು ಉಯ್ಯಿ" ಅಂದಳು. ನಾನು ಹಿಗ್ಗಿದೆ. ಹಿತ್ತಲಿನ ಬೇಲಿಯಾಚೆಗೆ ಕೇಳುವ ಹಾಗೆ, "ನೋಡ್ರೇ, ನನ್ ಮೊಮ್ಮಗಳು ಎಂಗವ್ಳೆ! ನಿಮ್ಮಂಗೆ ಮೂರು ಚೊಂಬಿಗೆ ಊರು ಕೂಡ್ಸೋಳಲ್ಲ" ಎಂದು ಕೊಚ್ಚಿಕೊಂಡೆ. ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು, ಬಾಣಂತಿ ನಿತ್ರಾಣ ಅಂದುಕೊಂಡೆ. ಒಂದು ದಿನವೆಲ್ಲ ಮೂತ್ರಕ್ಕೆ ಹೋಗಲಿಲ್ಲ. ಬಾಣಂತಿಗೆ ಹೆಚ್ಚು ನೀರು ಕುಡಿಸಬಾರದೆಂದು ನಾನೇ ಅಳೆದು ಕೊಡುತ್ತಿದ್ದೆ, ಇನ್ನು ಎಲ್ಲಿಂದ ಬಂದೀತು ಅಂದುಕೊಂಡೆ. ಬಂದ ಒಂದೊಂದು ಲಕ್ಷಣಕ್ಕೂ ನನ್ನ ಹತ್ತಿರ ಒಂದೊಂದು ಹಳೆಯ ಉತ್ತರ ಸಿದ್ಧವಾಗಿತ್ತು.

ಹೋದ ಗುರುವಾರ ಮಧ್ಯಾಹ್ನ ಮಗುವಿಗೆ ಹಾಲು ಕೊಡುತ್ತಿದ್ದವಳು, "ಅಜ್ಜಿ, ನಡುಕಟ್ಟು ಬಾಳ ಬಿಗಿ ಆಗೈತೆ, ಉಸ್ರು ಕಟ್ತೈತೆ, ಒಸಿ ಬಿಚ್ಚು" ಅಂದಳು. ಹೆರಿಗೆಯಾದ ಹೊಟ್ಟೆಗೆ ಸೀರೆ ಸುತ್ತಿ ಬಿಗಿಯುತ್ತೇವಲ್ಲ, ಅದು. ನಾನು ನಡುಮನೆಯಲ್ಲೇ ನಿಂತುಬಿಟ್ಟೆ. ಆ ಸೀರೆಯನ್ನು ಬೆಳಿಗ್ಗೆಯೇ ಬಿಚ್ಚಿ ಒಗೆದಿದ್ದೆ. ಅದು ಹಿತ್ತಲಿನ ತಂತಿಯ ಮೇಲೆ ಒಣಗುತ್ತಿರುವುದು ನನಗೆ ಬಾಗಿಲಲ್ಲಿ ಕಾಣುತ್ತಿತ್ತು. ಅವಳ ಸೊಂಟಕ್ಕೆ ಏನೂ ಕಟ್ಟಿರಲಿಲ್ಲ.

ಓಡಿಹೋಗಿ ಬಟ್ಟೆ ಸರಿಸಿ ನೋಡಿದೆ. ಎಡತೊಡೆಯ ಹಿಂಬದಿಯಲ್ಲಿ ಅಂಗೈ ಅಗಲ ಬೊಬ್ಬೆ ಎದ್ದು, ಒಡೆದು, ಚರ್ಮ ಸುಲಿದು ಹಾಸಿಗೆಗೆ ಅಂಟಿಕೊಂಡಿತ್ತು. "ಉರೀತಿಲ್ವೇನೇ?" ಅಂದೆ. "ಏನು ಉರೀಬೇಕು?" ಅಂದಳು. ನನ್ನ ಮುಖ ನೋಡಿದಳು, ತಾನೇ ಕೈಹಾಕಿ ಮುಟ್ಟಿ ನೋಡಿಕೊಂಡಳು, ಕೈಗೆ ಹತ್ತಿದ್ದನ್ನು ನೋಡಿದಳು. ಅವಳಿಗೆ ಅರ್ಥವಾಯಿತು. ಕಿರುಚಲಿಲ್ಲ. ಮಗುವನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟು, "ಬಂದ್ಬುಡ್ತು ಕಣಜ್ಜಿ" ಅಂದಳು. ಪಕ್ಕದ ಮನೆಯ ನಿಂಗರಾಜು ಆಟೋ ತರುವಷ್ಟರಲ್ಲಿ ಅವಳು ಎದ್ದು ನಿಲ್ಲಲಾರದೆ ಹೋದಳು. ಅಕ್ಕಪಕ್ಕದ ಹೆಂಗಸರೆಲ್ಲ ಸೇರಿ ಚಾಪೆಯಲ್ಲಿ ಎತ್ತಿ ಆಟೋದಲ್ಲಿ ಮಲಗಿಸಿದೆವು.

ಯಶೋಧರಾ ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾನು ಬಿಸಿನೀರಿಂದಲೇ ಹೀಗಾಯಿತು ಎಂದು ಎದೆ ಬಡಿದುಕೊಂಡಾಗ, "ನಿಮ್ಮ ನೀರು ಕಾಯಿಲೆ ತರಲಿಲ್ಲ ಅಜ್ಜಿ. ಅದು ತೊಡೆ ಸುಟ್ಟಿದೆ, ಅದು ಮಾಯುತ್ತೆ. ಕಾಯಿಲೆ ತಿರ್ಗಿ ಬಂದಿದ್ದು ಮಾತ್ರೆ ನಿಂತಿದ್ದಕ್ಕೆ, ಅದರ ಮೇಲೆ ಹೆರಿಗೆ. ನಮ್ಮ ಕಣ್ಗಾವಲಲ್ಲಿ ಇದ್ದಿದ್ರೆ ಬಸುರಿಗೆ ಹೊಂದೋ ಮಾತ್ರೆ ಕೊಡ್ತಿದ್ದೆವು, ಅಂಥದ್ದು ಇದೆ" ಅಂದರು. ಅಂಥದ್ದು ಇದೆ ಎಂಬ ಆ ಮಾತು ನನ್ನನ್ನು ಕೊಲ್ಲುತ್ತಿದೆ. ಒಂದು ಬಸ್ಸು ಹತ್ತಿ ಹೋಗಿ ಕೇಳಿದ್ದರೆ ಸಾಕಿತ್ತು. ಮೊದಲ ಸಲದ ಹಾಗೆ ಈ ಸಲವೂ ನಡೆಯುತ್ತಾಳಾ ಎಂದರೆ ಆಕೆ ನೇರ ಉತ್ತರ ಕೊಡುವುದಿಲ್ಲ. ಈ ಕಾಯಿಲೆ ಪ್ರತಿ ಸಲ ಬಂದಾಗಲೂ ಏನಾದರೊಂದು ಕುಂದು ಬಿಟ್ಟೇ ಹೋಗುವುದು ಹೆಚ್ಚು, ಮೂರನೆಯ ಸಲ ಬರದ ಹಾಗೆ ನೋಡಿಕೊಳ್ಳುವುದೇ ಮುಂದಿನ ಕೆಲಸ ಅನ್ನುತ್ತಾರೆ. ಆರು ತಿಂಗಳಿಗೊಮ್ಮೆ ಸೂಜಿಯ ಮೂಲಕ ಔಷಧಿ ಹೋಗಬೇಕಂತೆ, ವರ್ಷಾನುಗಟ್ಟಲೆ.

ಕಣ್ಣಿಗೂ ಬರಬಹುದು ಅಂದದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ಕಣ್ಣಿನ ನರ ಕೆಡುವಾಗ ಮೊದಲು ಕೆಂಪು ಬಣ್ಣ ಮಾಸುತ್ತದಂತೆ. ಆಸ್ಪತ್ರೆಯಲ್ಲಿ ಬೆಳಿಗ್ಗೆ ಅವಳು ಕಣ್ಣು ಬಿಟ್ಟ ಕೂಡಲೇ ಚಿನ್ನುವಿನ ಕೆಂಪು ಕುಲಾವಿ ಮುಖದ ಮುಂದೆ ಹಿಡಿದು, ಒಂದೊಂದೇ ಕಣ್ಣು ಮುಚ್ಚಿಸಿ, ಯಾವ ಬಣ್ಣ ಹೇಳು ಅನ್ನುತ್ತೇನೆ. "ಕೆಂಪು ಕಣಜ್ಜಿ, ನೆನ್ನೆನೂ ಕೆಂಪೇ ಇತ್ತು" ಎಂದು ನಗುತ್ತಾಳೆ. ಇನ್ನೊಂದು ಭಯವನ್ನೂ ಹೇಳಿಬಿಡುತ್ತೇನೆ. ಇದು ಹೆಣ್ಣಿಗೇ ಹೆಚ್ಚು ಎಂದರಲ್ಲ, ಹಾಗಾದರೆ ಚಿನ್ನುವಿಗೆ? ತಾಯಿಯಿಂದ ಮಗಳಿಗೆ ಹೊಲಮನೆ ಬರುವ ಹಾಗೆ ಬರುವುದಲ್ಲ, ತೀರ ಅಪರೂಪ ಎಂದು ಡಾಕ್ಟರು ಹೇಳಿದರು. ಆದರೂ ಕೂಸನ್ನು ಎತ್ತಿಕೊಂಡಾಗಲೆಲ್ಲ ಅದರ ಅಂಗಾಲಿಗೆ ಉಗುರು ತಾಗಿಸಿ ನೋಡುತ್ತೇನೆ. ಫಟ್ಟನೆ ಕಾಲು ಎಳೆದುಕೊಳ್ಳುತ್ತಾಳೆ. ನಿನ್ನ ಮಗಳಿಗೆ ಈ ಅಜ್ಜಿಯ ಮೇಲೆ ಈಗಲೇ ಸಿಟ್ಟು.

ನಿಮ್ಮಮ್ಮನಿಗೆ ಭಾನುವಾರ ಕಾಯಿಲೆಯ ಕಥೆ ಎಲ್ಲವನ್ನೂ ಹೇಳಿದೆ. ಕೂದಲು ಹಿಡಿದು ಎಳೆಯುತ್ತಾರೆ ಎಂದುಕೊಂಡೇ ಹೇಳಿದೆ. ಅವರು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತರು. ಆಮೇಲೆ, "ನಂಗೊಂದು ಮಾತು ಏಳ್ಬುಟ್ಟಿದ್ರೆ ಆ ಮಾತ್ರೆನಾ ಚಟ್ನಿಪುಡೀಲಿ ಯಾಕವ್ವ ಇಡ್ಬೇಕಿತ್ತು, ನಾನೇ ಹೊತ್ತೊತ್ತಿಗೆ ಕೊಡ್ತಿರ್ಲಿಲ್ವಾ" ಅಂದರು. ಅಷ್ಟೇ. ಎದ್ದು ಒಳಗೆ ಹೋಗಿ ಸೊಸೆಯ ಕಾಲು ಒತ್ತಲು ಕೂತರು. ಅವಳಿಗೆ ಗೊತ್ತಾಗುವುದಿಲ್ಲ ಬೀಗಿತ್ತಿ ಅಂದೆ. "ನಂಗೆ ಗೊತ್ತಾಯ್ತದಲ್ಲ" ಅಂದರು. ಆ ಹೆಂಗಸಿಗೆ ಹೆದರಿ ನಾನು ಇಷ್ಟೆಲ್ಲ ಮಾಡಿದೆ. ಇವತ್ತು ಹಗಲು ಅವರು ಆಸ್ಪತ್ರೆಯಲ್ಲಿ ಇದ್ದಾರೆ, ನಿಮ್ಮಪ್ಪ ಶಿವಣ್ಣನವರೂ ಜೊತೆಗಿದ್ದಾರೆ. ಸಂಜೆ ನಾನು ಹೋಗುತ್ತೇನೆ, ಅವರು ಮಗುವಿನ ಹತ್ತಿರ ಬರುತ್ತಾರೆ.

ನೀನು ಬರಬೇಕು. ಡಾಕ್ಟರು ಬರೆದುಕೊಟ್ಟ ಪತ್ರ ಇದರ ಜೊತೆಯಲ್ಲೇ ಇದೆ, ನಿಮ್ಮ ಸಾಹೇಬರಿಗೆ ತೋರಿಸು, ರಜ ಕೊಡುತ್ತಾರೆಂದು ದಿಲೀಪ ಅನ್ನುತ್ತಾನೆ. ಬಂದು ನನ್ನನ್ನು ಏನು ಬೇಕಾದರೂ ಅನ್ನು, ನಾನು ಎದುರು ನಿಂತು ಕೇಳುತ್ತೇನೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ತಪ್ಪು ಯಾರದೆಂದು ನನಗೆ ಗೊತ್ತಿದೆ. ಅವಳನ್ನು ಬಿಡಬೇಡ. ಬಿಡುವವನಲ್ಲ ನೀನು, ಆದರೂ ಭಯದಲ್ಲಿ ಇರುವವಳು ಹೀಗೆ ಕೇಳಿಯೇ ತೀರುತ್ತಾಳೆ. ಡ್ಯೂಟಿಯಲ್ಲಿ ಮೈಮೇಲೆ ಎಚ್ಚರವಿರಲಿ. ಕಾಲಿಗೆ ಎಣ್ಣೆ ಹಚ್ಚು. ನಿನ್ನ ಹೊಟ್ಟೆ ತಣ್ಣಗಿರಲಿ, ನೀನು ನಿಂತ ನೆಲ ಗಟ್ಟಿಯಾಗಿರಲಿ, ನಿನ್ನ ಮಗಳು ನಿನ್ನ ಹೆಗಲೇರುವಷ್ಟು ಆಯಸ್ಸನ್ನು ಆ ರಂಗನಾಥ ನಿನಗೂ ಅವರಮ್ಮನಿಗೂ ಕೊಡಲಿ.

ನಿನ್ನ ಕ್ಷಮೆ ಕೇಳುವ ಮುಖವಿಲ್ಲದ,
ಮಂಗಳಜ್ಜಿ

ಮತ್ತೆ: ದಿಲೀಪ ಶೂ ಹಾಕಿಕೊಳ್ಳುತ್ತಿದ್ದಾನೆ, ನಿಂಗರಾಜುವಿನ ಆಟೋ ಬಾಗಿಲಿಗೆ ಬಂದಿದೆ. ಇದು ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ನಿನಗೆ ಮುಂದಿನ ಫೋನ್ ಸರದಿ ಇಪ್ಪತ್ತನಾಲ್ಕಕ್ಕಂತೆ. ಇದನ್ನು ಓದದೆ ಅವಳ ಜೊತೆ ಮಾತಾಡಬೇಡ. ಚೈತ್ರ ನಿನ್ನಿಂದ ಏನನ್ನೂ ಮುಚ್ಚಿಟ್ಟಿಲ್ಲ ರವೀಂದ್ರ. ನಿನಗೆ ಎಲ್ಲವೂ ಗೊತ್ತು ಎಂದೇ ಅವಳು ತಿಳಿದಿದ್ದಾಳೆ. ಅವರಿಗೆ ಹೇಳಿದರೆ ಮಾತ್ರ ನಾನು ತಾಳಿ ಕಟ್ಟಿಸಿಕೊಳ್ಳುವುದು ಎಂದು ಹಟ ಹಿಡಿದವಳು ಅವಳೇ. ಕರಿಘಟ್ಟದಿಂದ ಇಳಿಯುವಾಗ "ಏಳಿದ್ಯಾ ಅಜ್ಜಿ?" ಎಂದು ಕೇಳಿದಳು. ಹೇಳಿದೆ, ಒಪ್ಪಿಕೊಂಡ, ಇನ್ನು ಆ ಮಾತು ಯಾವತ್ತೂ ಎತ್ತಬೇಡ ಅಂದಿದ್ದಾನೆ, ಅವನ ಅಮ್ಮನಿಗೆ ಮಾತ್ರ ತಿಳಿಯುವುದು ಬೇಡ ಎಂದು ನಾನು ಹೇಳಿದೆ. ಅದಕ್ಕೇ ಅವಳು ಎರಡು ವರ್ಷ ಎತ್ತಲಿಲ್ಲ. ನೀನು ರಜದಲ್ಲಿ ಬಂದಾಗ ನಿನ್ನೆದುರಿಗೇ ಮಾತ್ರೆ ನುಂಗುತ್ತಿದ್ದಳಂತೆ, ನೀನೇ ನೀರು ತಂದುಕೊಡುತ್ತಿದ್ದೆಯಂತೆ. ನೀನು ಅದನ್ನು ರಕ್ತ ಕಡಿಮೆಯಿರುವುದಕ್ಕೆ ಅಂದುಕೊಂಡೆಯೋ ಏನೋ. ಅವಳು ಅದನ್ನೇ ನೆನೆದು ನೆನೆದು ಹೇಳುತ್ತಾಳೆ. ಭಾನುವಾರ ನಿಮ್ಮಮ್ಮನ ಕೈ ಹಿಡಿದು, "ಅತ್ತೆ, ಅವ್ರು ಎಲ್ಲಾ ತಿಳ್ಕೊಂಡೇ ನನ್ನ ಮದ್ವೆ ಆದ್ರು, ಅದೊಂದೇ ನಂಗೆ ಧೈರ್ಯ" ಅಂದಳು. ನಿಮ್ಮಮ್ಮ ತಿರುಗಿ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ನಿನಗೆ ಗೊತ್ತಿತ್ತು ಎಂದು ನೀನೂ ಸುಳ್ಳು ಹೇಳು ಎಂದು ನಾನು ಕೇಳುವುದಿಲ್ಲ. ನನ್ನ ಸುಳ್ಳಿನ ಹೊರೆ ಸಾಕಷ್ಟು ಜನ ಹೊತ್ತಾಯಿತು. ಅವಳು ಕಾಲೂರಿ ನಿಂತ ಮೇಲೆ ನಾನೇ ಅವಳ ಎದುರು ಕೂತು ಹೇಳುತ್ತೇನೆ. ಅಲ್ಲಿಯವರೆಗೆ ಒಂದೇ ಒಂದು ಬೇಡಿಕೊಳ್ಳುತ್ತೇನೆ, ನನಗೆ ಯಾಕೆ ಹೇಳಲಿಲ್ಲ ಎಂದು ಅವಳನ್ನು ಮಾತ್ರ ಕೇಳಬೇಡ. ಅವಳು ಹೇಳಿ ಕಳಿಸಿದ್ದಳು. ನಾನು ತಲುಪಿಸಲಿಲ್ಲ.